ನಮ್ಮ ಹೈಸ್ಕೂಲಿನ ಖಾಲಿ ಕಪಾಟು

ಹೈಸ್ಕೂಲಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಂದಕ್ಕೆ ನಕ್ಕು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತು ‘ಒಳಗ ಬರ್ಲ್ಯಾ ಸರ್?’ ಎನ್ನುತ್ತಿರುತ್ತದೆ.

ನಾನು ಗಣಿತದ ಮಾಸ್ತರ. ವಿಜಯಪುರದಲ್ಲಿ ಜೀವಮಾನವೆಲ್ಲ ಬೀಜಗಣಿತ ಕಲಿಸಿ, ಹಾರ ಹಾಕಿಸಿಕೊಂಡು ನಿವೃತ್ತನಾಗಿ, ಇಬ್ರಾಹಿಂಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ರೈಲು ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ರೈಲಿನ ಜೊತೆ ಎಷ್ಟು ಮಾತಾಡಲಾಗುತ್ತದೆ ಹೇಳಿ. ಅದು ಕೂಗುತ್ತದೆ, ಹೋಗುತ್ತದೆ. ಹೀಗಾಗಿ ನನ್ನ ಮಾತೆಲ್ಲ ಮನೆಯವಳ ಪಾಲಿಗೆ ಬಂದಿತ್ತು. ತಿಕೋಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರಿಲ್ಲ, ಈ ಒಂದು ಅವಧಿಯ ಮಟ್ಟಿಗೆ ಬರ್ರಿ ಎಂದು ಅಲ್ಲಿಯ ಹೆಡ್ ಸರ್, ನನ್ನ ಹಳೆಯ ವಿದ್ಯಾರ್ಥಿ, ಫೋನ್ ಮಾಡಿದ. ನಾನು ‘ವಿಚಾರ ಮಾಡಿ ಹೇಳ್ತೇನಪಾ’ ಎನ್ನುವುದರೊಳಗೆ ಆಕೆ ಫೋನಿಗೆ ಬಾಯಿ ತಂದು, “ನಾಳೆಯಿಂದಽ ಕಳಸ್ತೇನ್ರಿ. ಬುತ್ತೀನೂ ಕಟ್ಟಿ ಕಳಸ್ತೇನಿ. ಸಂಜೀ ಬಸ್ಸಿಗೇ ಕಳಸ್ರಿ, ಲಗೂ ಬ್ಯಾಡ,” ಎಂದುಬಿಟ್ಟಳು.

ಹೀಗೆ ನಾನು ಮತ್ತೆ ಮಾಸ್ತರನಾದೆ. ನಾನು ಸೇರಿದ ವಾರವೇ ಕಪಾಟು ಬಂತು.

ಕಪಾಟು ಬಂದದ್ದು

ಕಪಾಟು ಕೊಟ್ಟವರು ಬಬಲೇಶ್ವರ ಕಡೆಯ ದ್ರಾಕ್ಷಿ ಸಾಹುಕಾರರು. ಇದೇ ಶಾಲೆಯಲ್ಲಿ ಕಲಿತವರು. ಎಲ್ಲಿಯವರೆಗೆ ಕಲಿತರು ಎಂದು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಎರಡು ಗಾದಿಗಳ ನಡುವೆ ಬಾಣಂತಿಯ ಹಾಗೆ ಮಲಗಿಸಿಕೊಂಡು ತಂದ ಕಪಾಟು ಅದು. ಗಾಜಿನ ಬಾಗಿಲು, ಗಾಜಿನ ಖಾನೆಗಳು, ಒಳಗೆ ಒಂದು ಬಲ್ಬು. ಗುಂಡಿ ಒತ್ತಿದರೆ ಬಂಗಾರದಂಗಡಿಯ ಹಾಗೆ ಝಗಝಗ. ಖಾನೆಗಳು ಸ್ವಲ್ಪ ಗಿಡ್ಡ ಅನ್ನಿಸಿದವು ನನಗೆ. ಬಡಿಗರ ಲೆಕ್ಕ ಬೇರೆ ಇರಬಹುದು ಎಂದು ಸುಮ್ಮನಾದೆ.

ಹೆಡ್ ಸರ್ ಆಫೀಸಿನೊಳಗೆ ಬಾಗಿಲ ಎದುರಿಗೇ ಅದನ್ನು ನಿಲ್ಲಿಸಿದರು. ಸಾಹುಕಾರರಿಗೆ ಶಾಲು, ಕಾಯಿ, ಹಾರದ ಸತ್ಕಾರವಾಯಿತು. ಸಾಹುಕಾರರು ಹಾರ ತೆಗೆದು ಕೈಯಲ್ಲಿ ಹಿಡಿದು ಕೇಳಿದರು:

“ಏನ್ರಿ ಹೆಡ್ ಸರ್, ಇದ್ರಾಗ ಇಡಾಕ ಏನೇನ್ ಗೆದ್ದೀರಿ?”

ಹೆಡ್ ಸರ್ ಗಂಟಲು ಸರಿಮಾಡಿಕೊಂಡು, “ಗೆಲ್ಲಾಕತ್ತೇವ್ರಿ ಸಾಹುಕಾರ್ರ,” ಎಂದರು.

“ಅಂದ್ರ ಒಂದೂ ಇಲ್ಲ.”

“ಇಲ್ಲ ಅಂತಲ್ರಿ... ಇನ್ನೂ ಬಂದಿಲ್ಲ.”

ಸಾಹುಕಾರರು ಎಲ್ಲರ ಮುಂದೆ ಒಂದು ಷರತ್ತು ಹಾಕಿದರು. “ಸ್ನೇಹಸಮ್ಮೇಳನದ ದಿನ ನಾ ಬರ್ತೇನಿ. ಈ ಕಪಾಟಿನ್ಯಾಗ ನಮ್ಮ ಸಾಲಿ ಹುಡುಗರು ಗೆದ್ದಿದ್ದು ಒಂದರೇ ಕಪ್ ಇರಬೇಕು. ಇರ್ಲಿಲ್ಲ ಅಂದ್ರ ಇದೇ ಟ್ರ್ಯಾಕ್ಟರ್ ತಂದು ವಾಪಸ್ ಒಯ್ತೇನಿ. ನಮ್ಮ ಶೆಡ್ಡಿನ್ಯಾಗ ಮಣೂಕ ಇಡಾಕ ಆಗ್ತೈತಿ.”

ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತಾರೆ. ಊರ ಮುಂದೆ ಸತ್ಕಾರ ಮಾಡಿ ಇಳಿಸಿಕೊಂಡ ಕಪಾಟನ್ನು ಊರ ಮುಂದೆಯೇ ಮಣೂಕ ತುಂಬಲು ಏರಿಸಿ ಕಳಿಸುವುದೆಂದರೆ ಹೆಡ್ ಸರ್ ಮುಖ ಎತ್ತಿ ತಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಹಾಗಿಲ್ಲ. ಅವರು ನಕ್ಕ ಹಾಗೆ ಮಾಡಿ ಬಲ್ಬಿನ ಗುಂಡಿ ಒತ್ತಿದರು. ಕಪಾಟು ಬೆಳಗಿತು. ಗಾಜಿನಲ್ಲಿ ಅವರ ಬೆವರಿದ ಮುಖ ಮೂಡಿತು.

ಸಾಹುಕಾರರು ಬಗ್ಗಿ ನೋಡಿ, “ಸದ್ಯಕ್ಕ ಇದ್ರಾಗ ನೀವಽ ಒಬ್ಬರು ಕಾಣಾಕತ್ತೀರಿ ನೋಡ್ರಿ,” ಎಂದರು.

ಬೇವಿನ ಗಿಡದ ಮರೆಯಲ್ಲಿ

ಕಪ್ ತರುವ ಹೊಣೆ ಮೊದಲು ಬಿದ್ದದ್ದು ಪಿ.ಟಿ. ಸರ್ ಮೇಲೆ. ಆತ ಗಟ್ಟಿ ಆಸಾಮಿ. ಬೆಳಗಿನಿಂದ ಸಂಜೆಯತನಕ ಸೀಟಿ ಬಾಯಲ್ಲಿ, ಚಹಾ ಕುಡಿಯುವಾಗ ಮಾತ್ರ ಕೈಯಲ್ಲಿ. “ಖೋ-ಖೋದಾಗ ಹುಡುಗ್ಯಾರು ಹುಲಿ ಅದಾವ್ರಿ ನಮ್ಮವು,” ಎಂದರು.

ಸುಳ್ಳಲ್ಲ. ನಮ್ಮ ಮೈದಾನದಲ್ಲಿ ಆ ಹುಡುಗಿಯರನ್ನು ಮುಟ್ಟುವವರಿರಲಿಲ್ಲ. ಅದರಲ್ಲೂ ಒಬ್ಬಳು ಒಂಬತ್ತನೇ ಇಯತ್ತೆಯವಳು. ಮೂಲ ಕನಮಡಿಯ ಕುರಿ ಕಾಯುವ ಮನೆತನ. ಶಾಲೆಯ ಸಲುವಾಗಿ ಇಲ್ಲಿ ಹೊಲದ ವಸ್ತಿಮನೆಯಲ್ಲಿರುವ ಅಜ್ಜಿಯ ಕೂಡ ಇದ್ದವಳು. ಅಜ್ಜಿಗೆ ಅವಳು ಆಯಿ ಅನ್ನುತ್ತಾಳೆ. ಅವಳು ಓಡಲು ನಿಂತರೆ ಬೆನ್ನಟ್ಟುವವರೇ ಸುಸ್ತಾಗಿ ಕೂರುತ್ತಿದ್ದರು.

ಒಂದೇ ತೊಡಕು. ನಮ್ಮಲ್ಲಿ ಖೋ-ಖೋದ ಎರಡು ತುದಿಗೆ ನೆಡುವ ಕಂಬಗಳಿಲ್ಲ. ಒಂದು ತುದಿಗೆ ಬೇವಿನ ಗಿಡ, ಇನ್ನೊಂದು ತುದಿಗೂ ಬೇವಿನ ಗಿಡ. ಹಿಂದಿನವರು ಯಾರೋ ನೆಟ್ಟವು, ಖೋ-ಖೋ ಲೆಕ್ಕ ಹಾಕಿಯೇ ನೆಟ್ಟರೇನೋ ಎನ್ನುವಷ್ಟು ಸರಿಯಾದ ಅಂತರದಲ್ಲಿವೆ. ಇಬ್ಬರು ತಬ್ಬಿದರೆ ಮಾತ್ರ ಕೈ ಕೂಡುವಷ್ಟು ದಪ್ಪ. “ಕಂಬ ಯಾಕ ಬೇಕ್ರಿ? ಇವಕ್ಕ ನೆರಳೂ ಐತಿ,” ಎಂದು ಪಿ.ಟಿ. ಸರ್ ಸಮಾಧಾನ ಹೇಳುತ್ತಿದ್ದರು.

ಸುತ್ತಲಿನ ಶಾಲೆಗಳ ಪಂದ್ಯ ಬಬಲೇಶ್ವರದಲ್ಲಿ. ನಾನೂ ಹೋದೆ. ಹೆಡ್ ಸರ್ ಕಪ್ ಸುತ್ತಿ ತರಲು ಒಂದು ಹೊಸ ಟವೆಲ್ಲನ್ನು ಬಗಲಲ್ಲಿ ಇಟ್ಟುಕೊಂಡೇ ಬಂದಿದ್ದರು.

ಆಟ ಸುರುವಾಯಿತು. ನಮ್ಮ ಕನಮಡಿ ಹುಡುಗಿ ಚಿಗರಿಯ ಹಾಗೆ ಓಡಿ ತುದಿ ಮುಟ್ಟಿದಳು. ಮುಟ್ಟಿದವಳೇ ಕಂಬದ ಹಿಂದೆ ನೆಟ್ಟಗೆ ನಿಂತುಬಿಟ್ಟಳು. ಕೈ ಎರಡೂ ಮೈಗೆ ಅಂಟಿಸಿ, ಉಸಿರು ಬಿಗಿಹಿಡಿದು, ಕಣ್ಣು ಕೂಡ ಅರ್ಧ ಮುಚ್ಚಿ. ಕಂಬ ಇದ್ದದ್ದು ನನ್ನ ಮುಂಗೈಯಷ್ಟು. ಬೆನ್ನಟ್ಟಿ ಬಂದ ಎದುರಿನ ಶಾಲೆಯ ಹುಡುಗಿ, ‘ಇದೇನು ಹೊಸಾ ಪಟ್ಟು’ ಎಂದು ಗಾಬರಿಯಾಗಿ ಒಂದು ಗಳಿಗೆ ನಿಂತೇಬಿಟ್ಟಳು. ಆಮೇಲೆ ಮೆಲ್ಲಗೆ ಬಂದು ಭುಜ ಮುಟ್ಟಿದಳು. ಔಟ್.

ಎರಡನೆಯವಳು ಓಡಿದಳು. ಅವಳೂ ಹೋಗಿ ಕಂಬದ ಹಿಂದೆ ನಿಂತಳು. ಮೂರನೆಯವಳೂ ಅಷ್ಟೇ. ಬೇವಿನ ಗಿಡದ ಮರೆಯಲ್ಲಿ ನಿಂತು, ಬೆನ್ನಟ್ಟುವವಳು ಎಡಕ್ಕೆ ಬಂದರೆ ಬಲಕ್ಕೆ ಹಾರುವುದು ಅವರ ರೂಢಿ. ಕಾಲು ಬುದ್ಧಿಯ ಮಾತು ಕೇಳಲಿಲ್ಲ.

ಪಿ.ಟಿ. ಸರ್ ಸೀಟಿ ಉಗುಳಿ ಕೂಗಿದರು: “ಅಡಗಬ್ಯಾಡ್ರಿ ಬೇ! ಗಿಡ ಅಲ್ಲ ಅದು! ಕಾಣಸಾಕತ್ತೀರಿ!”

ಸೋತು ಬಂದ ಮೇಲೆ ಹೆಡ್ ಸರ್ ಆ ಹೊಸ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಕನಮಡಿ ಹುಡುಗಿ ಮಾತ್ರ ನಿಜವಾದ ಅನುಕಂಪದಿಂದ ಆ ಕಂಬದ ಕಡೆ ನೋಡುತ್ತ ಕೇಳಿದಳು:

“ಸರ್, ಇಷ್ಟ ತೆಳ್ಳನ ಗಿಡಾ ಇಟಗೊಂಡು ಇವ್ರು ಹೆಂಗ ಆಡ್ತಾರ್ರಿ ಪಾಪ?”

ಟವೆಲ್ಲಿನೊಳಗಿನ ವಿಜ್ಞಾನ

ಕಪಾಟಿನ ಬಲ್ಬು ದಿನಾ ಬೆಳಗುತ್ತಿತ್ತು, ಖಾನೆಗಳು ದಿನಾ ಖಾಲಿ. ಅಡುಗೆಯ ಅಕ್ಕ ಒಂದು ದಿನ ಬಂದು, “ಸರ್, ಹೆಂಗೂ ಖಾಲಿ ಐತಿ, ತೊಗರಿಬ್ಯಾಳಿ ಡಬ್ಬಿ ಇಡ್ಲೇನ್ರಿ? ಇಲಿ ಕಾಟ ಬಾಳ ಐತಿ,” ಎಂದಾಗ ಹೆಡ್ ಸರ್ ಮಧ್ಯಾಹ್ನ ಊಟ ಬಿಟ್ಟರು.

ಆಗ ವಿಜಯಪುರದಲ್ಲಿ ವಿಜ್ಞಾನ ಪ್ರದರ್ಶನ ಬಂತು. ನಮ್ಮ ಹುಡುಗರು ದ್ರಾಕ್ಷಿ ಒಣಗಿಸುವ ಶೆಡ್ಡಿನ ಮಾದರಿ ಮಾಡಿದರು. ಬಿದಿರಕಡ್ಡಿಯ ಅಟ್ಟ, ಮೇಲೆ ಹಸಿರು ಬಲೆ, ಬ್ಯಾಟರಿಯಿಂದ ತಿರುಗುವ ಪುಟ್ಟ ಪಂಖ, ಅಟ್ಟದ ಮೇಲೆ ನಿಜವಾದ ದ್ರಾಕ್ಷಿ. ಗಾಳಿ ಯಾವ ಕಡೆಯಿಂದ ಬಂದರೆ ಎಷ್ಟು ಬೇಗ ಒಣಗುತ್ತದೆ ಎಂದು ಅವರೇ ಕಂಡುಹಿಡಿದದ್ದು. ಬಹಳ ಚಂದ ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ.

ವಿವರಿಸಲು ನಿಲ್ಲಿಸಿದ್ದು ಹತ್ತನೇ ಇಯತ್ತೆಯ ಒಬ್ಬ ಮಾತಿನಮಲ್ಲನನ್ನು. ಅವನಪ್ಪ ದನದ ಸಂತೆಯ ದಲಾಲಿ. ದನದ ಸಂತೆಯ ವ್ಯವಹಾರ ಗೊತ್ತಲ್ಲ? ಬೆಲೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಟವೆಲ್ ಮುಚ್ಚಿ, ಒಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ಮೂರು ಬೆರಳೋ ನಾಲ್ಕೋ ಎಂದು ಒತ್ತಿ ತೀರ್ಮಾನ ಮಾಡುವುದು. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ.

ನಿರ್ಣಾಯಕರು ಬಂದರು. ಹಿರಿಯ ಉಪನ್ಯಾಸಕರು, ಚಿನ್ನದ ಫ್ರೇಮಿನ ಚಷ್ಮಾ. ಹುಡುಗ ಗಾಳಿ, ಬಿಸಿಲು, ತೇವ ಎಲ್ಲವನ್ನೂ ಗಡಗಡ ಹೇಳಿದ. ಅವರು ಖುಷಿಯಾಗಿ ಬೆನ್ನು ತಟ್ಟಿ, ಚೇಷ್ಟೆಗೆ ಕೇಳಿದರು: “ಭಲೆ ತಮ್ಮಾ. ಹತ್ತಕ್ಕೆ ಎಷ್ಟು ಅಂಕ ಕೊಡಬೇಕು, ನೀನೇ ಹೇಳು ನೋಡೋಣ.”

ಹುಡುಗ ಅತ್ತಿತ್ತ ನೋಡಿದ. ಪಕ್ಕದ ಟೇಬಲ್ಲಿನವರು ಕಿವಿಗೊಟ್ಟು ನಿಂತಿದ್ದರು. ಮಾದರಿ ಒರೆಸಲು ತಂದಿದ್ದ ಟವೆಲ್ಲನ್ನು ತೆಗೆದವನೇ ನಿರ್ಣಾಯಕರ ಬಲಗೈ ಮೇಲೆ ಹಾಕಿ, ಒಳಗೆ ಕೈ ತೂರಿಸಿದ.

ಹೆಡ್ ಸರ್ ನನ್ನ ತೋಳು ಹಿಡಿದುಕೊಂಡರು. “ಸರ್, ಏನ್ ಮಾಡಾಕತ್ತಾನ್ರಿ ಇವಾ?”

“ಯವಾರ,” ಎಂದೆ ನಾನು.

ಚಷ್ಮಾದವರ ಮುಖ ಮೊದಲು ಕೆಂಪಾಯಿತು, ಆಮೇಲೆ ಅರಳಿತು. ಅವರೂ ಎಲ್ಲಿಯೋ ಹಳ್ಳಿಯ ಒಕ್ಕಲು ಮನೆಯವರೇ ಇರಬೇಕು. ಕೈ ಹಿಂತೆಗೆಯಲಿಲ್ಲ. ಟವೆಲ್ ಒಳಗೆ ಒಮ್ಮೆ ಇವನು ಒತ್ತಿದ, ಒಮ್ಮೆ ಅವರು ಒತ್ತಿದರು. ಇವನು ತಲೆ ಅಲ್ಲಾಡಿಸಿದ, ಅವರೂ ತಲೆ ಅಲ್ಲಾಡಿಸಿದರು. ಜನ ಕೂಡಿದರು. “ನಾಡಿ ನೋಡಾಕತ್ತಾರೇನ್ರಿ? ಹುಡುಗಗ ಆರಾಮಿಲ್ಲೇನು?” ಎಂದು ಒಬ್ಬರು ಕೇಳಿದರು.

ನಮಗೆ ಎರಡನೆಯ ಸ್ಥಾನ ಬಂತು. ಎರಡನೆಯ ಸ್ಥಾನಕ್ಕೆ ಕಪ್ ಇಲ್ಲ, ಪ್ರಮಾಣಪತ್ರ ಮಾತ್ರ. ಹೆಡ್ ಸರ್ ಅದನ್ನೇ ಕಪಾಟಿನಲ್ಲಿ ಒರಗಿಸಿ ಇಟ್ಟು ಬಲ್ಬು ಹಚ್ಚಿದರು. ಮರುದಿನ ಒಬ್ಬ ಪಾಲಕರು ಬಂದು ನೋಟೀಸು ಎಂದುಕೊಂಡು ಅದರ ಮುಂದೆ ಚಪ್ಪಲಿ ಬಿಟ್ಟು ನಿಂತು ನೋಡಿ, “ಪರೀಕ್ಷಾ ಫೀ ತುಂಬೂದಕ್ಕ ಇನ್ನೂ ಟೈಮ್ ಐತಲ್ರಿ?” ಎಂದು ಕೇಳಿಹೋದರು.

ಹುಡುಗನ ದುಃಖ ಬೇರೆ. “ಎಲ್ಲಾ ಕೂಡಿತ್ರಿ ಸರ್. ಒಂದ ಬಳ್ಳಿಗೆ ಯವಾರ ಕೆಟ್ಟಿತು,” ಎಂದು ಕಿರುಬೆರಳು ತೋರಿಸಿದ. ಬೆರಳಿಗೆ ಬಳ್ಳು ಅಂತಾನೆ ಅವನು.

ಟಗರಿನ ಪ್ರವೇಶ

ಇದು ಸಣ್ಣದು. ಸಮ್ಮೇಳನ ಹತ್ತಿರ ಬಂದ ಹಾಗೆ ಪಿ.ಟಿ. ಸರ್ ತಲೆಗೆ ಒಂದು ಉಪಾಯ ಹೊಳೆಯಿತು. ಅದೇ ದಲಾಲಿಯ ಮನೆಯಲ್ಲಿ ಎದೆಮಟ್ಟದ ಒಂದು ಬೆಳ್ಳಿಬಣ್ಣದ ಕಪ್ ಇತ್ತು. ಒಂದು ದಿನದ ಮಟ್ಟಿಗೆ ಎರವಲು ತರೋಣ ಎಂದರು.

“ಯಾರು ಗೆದ್ದದ್ದದು?” ಎಂದು ಹೆಡ್ ಸರ್ ಆಸೆಯಿಂದ ಕೇಳಿದರು.

“ಅವ್ರ ಮನೀ ಟಗರು ರೀ.”

ಹೆಡ್ ಸರ್ ಕುರ್ಚಿಯಲ್ಲಿ ಸಾವಕಾಶ ಕೂತರು. “ನಮ್ಮ ಸಾಲಿ ಹುಡುಗರು ಗೆದ್ದಿದ್ದು ಇರಬೇಕು ಅಂದಾರ ಸಾಹುಕಾರ್ರು. ಆ ಟಗರು ನಮ್ಮ ಸಾಲ್ಯಾಗ ಓದತೈತೇನ್ರಿ?”

ಪಿ.ಟಿ. ಸರ್ ಒಂದು ಗಳಿಗೆ ಗಂಭೀರವಾಗಿ ಯೋಚಿಸಿದರು. “ಎಂಟನೇ ಇಯತ್ತೆದಾಗ ಇನ್ನೂ ಜಾಗಾ ಖಾಲಿ ಅದಾವಲ್ರಿ.”

ನಲವತ್ತೈದು ಡಿಗ್ರಿ

ಇಷ್ಟೆಲ್ಲ ಆಗುವಾಗ ನಾನು ಸುಮ್ಮನೆ ಇದ್ದೆ ಅಂದರೆ ನಮ್ಮ ಮನೆಯವಳು ನಂಬುವುದಿಲ್ಲ. ನೀವೂ ನಂಬಬೇಡಿ.

ಒಂದು ಮುಂಜಾನೆ ಬಸ್ಸು ಕೆಟ್ಟು ಕಾಲುವೆಯ ಹತ್ತಿರ ನಿಂತಿತ್ತು. ಕಿಟಕಿಯಿಂದ ನೋಡುತ್ತೇನೆ, ನಮ್ಮ ಕನಮಡಿ ಹುಡುಗಿ ಹೊಲದ ಬದುವಿನ ಮೇಲೆ ಓಡಿ ಬಂದಳು. ಬೆನ್ನ ಮೇಲೆ ಪುಸ್ತಕದ ಚೀಲ, ಎರಡು ಕೈಯಲ್ಲಿ ಎರಡು ಚಪ್ಪಲಿ. ಓಡುತ್ತ ಓಡುತ್ತ, ಎತ್ತಿನ ಬಂಡಿ ಇಳಿದರೆ ಮುಳುಗುವಂಥ ಅಗಲ ಕಾಲುವೆಯನ್ನು ಒಂದೇ ನೆಗೆತಕ್ಕೆ ದಾಟಿ, ಈ ದಂಡೆಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಏನೂ ಆಗಿಲ್ಲದವರ ಹಾಗೆ ನಡೆದುಹೋದಳು. ಕಂಡಕ್ಟರ್ ಬೀಡಿ ಹಚ್ಚುವುದನ್ನು ಮರೆತ.

ಶಾಲೆಗೆ ಓಡಿದೆ. ನನ್ನ ವಯಸ್ಸಿಗೆ ಎಷ್ಟು ಓಡಲಾದೀತೋ ಅಷ್ಟು. “ಕಪ್ ಸಿಕ್ತು! ಉದ್ದ ಜಿಗಿತ!” ಎಂದು ಕೂಗಿದೆ.

ಮಧ್ಯಾಹ್ನವೇ ಉಸುಕಿನ ಹೊಂಡದ ಮುಂದೆ ಅವಳನ್ನು ನಿಲ್ಲಿಸಿದೆವು. ಓಡಿ ಬಂದಳು, ಜಿಗಿದಳು. ಹೊಂಡದ ಅಂಚಿಗೆ ಕುಂತಳು. ಮತ್ತೆ ಜಿಗಿದಳು. ಅಲ್ಲೇ. ಇದಕ್ಕಿಂತ ದೂರ ನಮ್ಮ ಅಡುಗೆಯ ಅಕ್ಕ ಗಟಾರ ದಾಟುತ್ತಾಳೆ.

ನಾನು ಗಣಿತದವನು, ಬಿಡುತ್ತೇನೆಯೇ? ಕರಿಹಲಗೆ ಹೊರಗೆ ತರಿಸಿದೆ. ಕಲ್ಲು ಎಸೆದರೂ ಹುಡುಗಿ ಹಾರಿದರೂ ಲೆಕ್ಕ ಒಂದೇ, ನಲವತ್ತೈದು ಡಿಗ್ರಿ ಕೋನಕ್ಕೆ ಮೇಲೆದ್ದರೆ ಎಲ್ಲಕ್ಕಿಂತ ದೂರ ಬೀಳುತ್ತದೆ ಎಂದು ಚಿತ್ರ ಬರೆದು, ಬಾಣ ಹಾಕಿ ಒಂದು ತಾಸು ವಿವರಿಸಿದೆ. ಅವಳು ಬಾಯಿಪಾಠ ಮಾಡಿಕೊಂಡಳು. ಓಡಿ ಬಂದು ಹೊಂಡದ ಮುಂದಿನ ಜಿಗಿಯುವ ಹಲಗೆಯ ಮೇಲೆ ಗಕ್ಕನೆ ನಿಂತು, ಆಕಾಶ ನೋಡಿ ಕೋನ ಅಂದಾಜು ಮಾಡಿ, ನಿಂತಲ್ಲೇ ನೆಟ್ಟಗೆ ಮೇಲೆ ಜಿಗಿದು, ನಿಂತಲ್ಲೇ ಇಳಿದಳು.

“ಎಷ್ಟ ಡಿಗ್ರಿ ಆತ್ರಿ ಸರ್?”

ತೊಂಬತ್ತು, ಏನು ಹೇಳಲಿ.

ಕೊನೆಗೆ ಪಿ.ಟಿ. ಸರ್ ಕೇಳಿದರು: “ಅಲ್ಲ ಬೇ, ದಿನಾ ಅಂಥಾ ಕಾಲುವಿ ಹಾರಿ ಬರ್ತಿ. ಇಲ್ಲಿ ಏನಾಗೇತಿ ನಿನಗ?”

ಅವಳಿಗೇ ಆಶ್ಚರ್ಯ. “ಅಲ್ಲಿ ಹಾರ್ಲಿಲ್ಲಂದ್ರ ತೋಯ್ತೇನ್ರಿ. ಪುಸ್ತಕ ತೋಯ್ತಾವು, ಅಂಗಿ ತೋಯ್ತೈತಿ, ಆಯಿ ಬಡೀತಾಳ. ಇಲ್ಲಿ ಹಾರ್ಲಿಲ್ಲಂದ್ರ ಏನಾಗತೈತ್ರಿ? ಉಸುಕು ಮೆತ್ತಗ ಐತಿ.”

ಪಿ.ಟಿ. ಸರ್ ನನ್ನ ಕಡೆ ನೋಡಿದರು. ಮರುದಿನ ಯಾರದೋ ಕೃಷಿಹೊಂಡಕ್ಕೆ ಹಾಸಿ ಉಳಿದ ಪ್ಲಾಸ್ಟಿಕ್ ತಂದು ಹಲಗೆಯ ಮುಂದೆ ಹಾಸಿ, ಹುಡುಗರಿಂದ ಕೊಡ ಕೊಡ ನೀರು ಸುರಿಸಿದರು. ಹುಡುಗಿ ನೀರು ಕಂಡದ್ದೇ ಚಪ್ಪಲಿ ಕೈಗೆ ತಗೊಂಡಳು. ಓಡಿದಳು. ಹಾರಿದಳು. ಎಲ್ಲಿ ಬಿದ್ದಳೆಂದು ನೋಡಲು ನಾವು ಕತ್ತು ಹೊರಳಿಸಬೇಕಾಯಿತು.

ನಾನು ಕರಿಹಲಗೆ ಒರೆಸಿ ಒಳಗೆ ಇಟ್ಟೆ.

ಟ್ಯಾಂಕರ್

ತಾಲೂಕು ಮಟ್ಟದಲ್ಲಿ ಅವಳು ಗೆದ್ದದ್ದು ಮಳೆಯಿಂದ. ಹಿಂದಿನ ದಿನ ಸುರಿದು ಹೊಂಡ ಕೆರೆಯಾಗಿತ್ತು. ಉಳಿದವರು ಜಾರಿದರು, ಇವಳು ಹಾರಿದಳು. ಅಲ್ಲಿಯೂ ಪ್ರಮಾಣಪತ್ರವೇ. ಕಪ್ ಇರುವುದು ಜಿಲ್ಲೆಗೆ; ಅಲ್ಲಿ ಗೆದ್ದವರು ಬೆಳಗಾವಿಯ ವಿಭಾಗ ಪಂದ್ಯಕ್ಕೆ.

ಜಿಲ್ಲಾ ಪಂದ್ಯ ವಿಜಯಪುರದಲ್ಲಿ. ಅದಾದ ಮೂರು ದಿನಕ್ಕೆ ಸಮ್ಮೇಳನ. ಹೆಡ್ ಸರ್ ಅದೇ ಟವೆಲ್ ಒಗೆಸಿ ತಂದಿದ್ದರು. ಬಿಸಿಲು ನಮ್ಮ ವಿಜಯಪುರದ್ದು, ಅದರ ವರ್ಣನೆ ಬೇಡ. ಮೋಡ ಎಂಬುದು ಭೂತನಾಳ ಕೆರೆಯ ಕಡೆಗೂ ಇಲ್ಲ. ಉಸುಕು ಹಂಚಿನ ಮೇಲೆ ಹುರಿದ ಹಾಗೆ ಒಣಗಿ ನಿಂತಿದೆ. ಪ್ಲಾಸ್ಟಿಕ್ ತಂದಿದ್ದ ಪಿ.ಟಿ. ಸರ್‌ಗೆ ಮೈದಾನದ ಮುಖ್ಯಸ್ಥರು ಬಾಗಿಲಲ್ಲೇ ಕೇಳಿದರು, “ಇಲ್ಲೇ ಮಕ್ಕೋತೀರೇನ್ರಿ?”

ಮೊದಲ ಜಿಗಿತ: ಹೊಂಡದ ಅಂಚು. ಎರಡನೆಯದು: ಅದೇ ಅಂಚು, ಇನ್ನೊಂದು ಮಗ್ಗಲು. ಉಳಿದ ಶಾಲೆಯ ಹುಡುಗಿಯರೆಲ್ಲ ತಮ್ಮ ಸರದಿ ಮುಗಿಸಿ ನೆರಳಿಗೆ ಹೋದರು. ಇವಳದೊಂದೇ ಕೊನೆಯ ಜಿಗಿತ ಬಾಕಿ. ಹೆಡ್ ಸರ್ ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣ ಮುಂದೆ ಟ್ರ್ಯಾಕ್ಟರ್ ಬಂದಿತ್ತಂತೆ, ಆಮೇಲೆ ಹೇಳಿದರು.

ಹುಡುಗಿ ಹತ್ತಿರ ಬಂದು, ತಲೆ ಬಗ್ಗಿಸಿ, “ಸರ್, ಆ ಕಪಾಟ ಹೋದ್ರ ನನ್ನಿಂದ ಹೋದಂಗೇನ್ರಿ?” ಎಂದಳು.

ಪಿ.ಟಿ. ಸರ್ ಎದ್ದರು. ಮುಖ್ಯಸ್ಥರ ಬಳಿ ಹೋಗಿ ಬಹಳ ವಿನಯದಿಂದ, “ಸರ್, ಉಸುಕು ಕಲ್ಲ ಆಗೇತ್ರಿ. ಕೂಸಿನ ಮೊಣಕಾಲ ಒಡದೀತು. ಪದ್ಧತಿ ಪ್ರಕಾರ ಸ್ವಲ್ಪ ನೀರು ಹೊಡಸ್ರಿ,” ಎಂದರು.

ಮಾತು ಸುಳ್ಳಲ್ಲ. ಉಸುಕು ಒಣಗಿದರೆ ನೀರು ಚಿಮುಕಿಸುವುದು ಪದ್ಧತಿಯೇ. ಮುಖ್ಯಸ್ಥರು ಒಪ್ಪಿ, ಮೈದಾನಕ್ಕೆ ಕುಡಿಯುವ ನೀರು ತಂದು ನಿಂತಿದ್ದ ಟ್ಯಾಂಕರಿನವನಿಗೆ ಕೈ ಮಾಡಿದರು. “ಏ ತಮ್ಮಾ, ಇಲ್ಲಿ ಒಂದೀಟು ಹೊಡಿಯಪಾ.”

ಟ್ಯಾಂಕರಿನವನಿಗೆ ಜೀವಮಾನದಲ್ಲಿ ಒಂದೀಟು ನೀರು ಬಿಟ್ಟು ರೂಢಿಯಿಲ್ಲ. ದ್ರಾಕ್ಷಿ ತೋಟಗಳಿಗೆ ನೀರು ಹೊಡೆಯುವವನು. ಹಿಂದಕ್ಕೆ ತಗೊಂಡು ಬಂದು, ಪೈಪು ಹೊಂಡಕ್ಕೆ ಬಿಟ್ಟು, ಪೂರ್ತಿ ತಿರುಗಿಸಿದ. ಧೋ! ಮುಖ್ಯಸ್ಥರು “ಸಾಕು! ಸಾಕಲೇ!” ಎಂದು ಕೂಗುತ್ತ ಓಡಿದರು. ಅವನು ತಿರುಗಿಸುತ್ತಾನೆ, ವಾಲ್ವು ಬಿಗಿದು ಕೂತಿದೆ. ಅದು ನಿಲ್ಲುವುದರೊಳಗೆ ಹೊಂಡದ ಮುಂಭಾಗ ಕೆಂಪಗೆ ತುಂಬಿ, ಅಲೆ ಹೊಡೆಯುತ್ತಿತ್ತು.

ಮುಖ್ಯಸ್ಥರು ತೊಯ್ದ ಪ್ಯಾಂಟು ಹಿಂಡುತ್ತ, “ನೀರು ಇಂಗೂತನಕ ತಡಿಯವ್ವಾ,” ಎಂದರು.

“ಬ್ಯಾಡ್ರಿ ಸರ್!” ಹುಡುಗಿಯ ಮುಖ ನೋಡಬೇಕಿತ್ತು ನೀವು. ಬಲ್ಬು ಹಚ್ಚಿದ ಕಪಾಟು. “ಹಿಂಗಽ ಇರ್ಲಿ. ಹಿಂಗಽ ಹಾರ್ತೇನಿ.”

ಮುಖ್ಯಸ್ಥರು ಉಳಿದ ಶಾಲೆಯವರನ್ನು ಕೇಳಿದರು, ನಿಮ್ಮದೇನಾದರೂ ತಕರಾರು ಇದೆಯೇ ಎಂದು. ಅವರು ನಕ್ಕರು. ಒಬ್ಬರು, “ಹಾರ್ಲಿ ಬಿಡ್ರಿ, ಬರೂಮುಂದ ಎರಡು ಮೀನು ಹಿಡಕೊಂಡು ಬರ್ಲಿ,” ಎಂದರು.

ಹುಡುಗಿ ಹಿಂದೆ ಹೋದಳು. ಬರಿಗಾಲು. ಕೈಯಲ್ಲಿ ಏನೂ ಇಲ್ಲ, ಆದರೂ ಎರಡೂ ಮುಷ್ಟಿ ಚಪ್ಪಲಿ ಹಿಡಿದ ಹಾಗೆಯೇ ಬಿಗಿ. ಓಡಿ ಬಂದಳು ನೋಡಿ, ಬಂದವಳು ಹಲಗೆ ಮೆಟ್ಟಿ ಎದ್ದಳು. ನನಗೆ ಕೋನ ಅಳೆಯಲು ಪುರುಸೊತ್ತಾಗಲಿಲ್ಲ. ನೀರು ದಾಟಿದಳು, ಹಸಿ ಉಸುಕು ದಾಟಿದಳು, ಒಣ ಉಸುಕಿನಲ್ಲಿ ಧೂಳು ಎದ್ದಿತು. ಎದ್ದು ನಿಂತವಳು ಟೇಪು ನೋಡಲಿಲ್ಲ, ನಮ್ಮನ್ನು ನೋಡಲಿಲ್ಲ. ಮೊದಲು ಬೆನ್ನು ಮುಟ್ಟಿ ನೋಡಿಕೊಂಡಳು, ಪುಸ್ತಕ ತೊಯ್ದವೇನೋ ಎಂದು.

ಮೀನಿನ ಮಾತಾಡಿದವರೇ ಎದ್ದು ಮೊದಲು ಚಪ್ಪಾಳೆ ಹೊಡೆದರು. ಹೆಡ್ ಸರ್ ಖುಷಿಗೆ ಟ್ಯಾಂಕರಿನವನನ್ನು ತಬ್ಬಿಕೊಂಡು, ಕಪ್ ಸುತ್ತಲು ತಂದ ಟವೆಲ್ಲನ್ನು ಅವನ ಹೆಗಲಿಗೇ ಹೊದಿಸಿ ಸತ್ಕಾರ ಮಾಡಿಬಿಟ್ಟರು.

ಸಮ್ಮೇಳನ

ಈಗ ಕಪ್ಪಿನ ಮಾತು. ಮೂರು ಅಂತಸ್ತಿನ ಕಪ್. ಬುಡದಲ್ಲಿ ಕಟ್ಟಿಗೆಯ ಪೀಠ, ಮೇಲೆ ನಾಲ್ಕು ಕಂಬ, ಅದರ ಮೇಲೆ ಕಪ್, ಕಪ್ಪಿನ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ. ಸಮ್ಮೇಳನದ ದಿನ ಮಂಟಪ ತುಂಬಿದೆ, ಸಾಹುಕಾರರು ದಾರಿಯಲ್ಲಿದ್ದಾರೆ ಎಂದು ಫೋನು ಬಂದಿದೆ, ಹೆಡ್ ಸರ್ ಮಂಗಳವಾದ್ಯದವರಿಗೆ ಕೈಮಾಡಿ ಕಪಾಟಿನ ಬಾಗಿಲು ತೆಗೆದು ಕಪ್ ಇಡಲು ಹೋದರು.

ಹಿಡಿಯಲಿಲ್ಲ.

ನೆಟ್ಟಗೆ ಇಟ್ಟರೆ ಹಕ್ಕಿ ಅಡ್ಡ, ಓರೆ ಮಾಡಿದರೆ ಪೀಠ ಅಡ್ಡ, ಮಲಗಿಸಿದರೆ ಬಾಗಿಲು ಮುಚ್ಚುವುದಿಲ್ಲ. ಖಾನೆಯ ಗಾಜು ತೆಗೆಯೋಣವೆಂದರೆ ಬಡಿಗ ಅಂಟು ಹಾಕಿ ಕೂಡಿಸಿದ್ದಾನೆ. ಪಿ.ಟಿ. ಸರ್ ಹಕ್ಕಿಯ ಕತ್ತು ಹಿಡಿದು, “ಇದರ ತಿರುಪು ಬಿಚ್ಚತೈತೇನ್ ನೋಡ್ಲಾ?” ಎನ್ನುವಾಗ ಹೊರಗೆ ಟ್ರ್ಯಾಕ್ಟರಿನ ಸದ್ದಾಯಿತು. ಸಾಹುಕಾರರು ಕಾರಿನಲ್ಲಿ ಬಂದಿದ್ದರು, ಹಿಂದೆ ಟ್ರ್ಯಾಕ್ಟರ್ ಬಂದಿತ್ತು. ಟ್ರ್ಯಾಕ್ಟರ್‌ನಲ್ಲಿ ಎರಡು ಗಾದಿ.

ಒಳಗೆ ಬಂದು ನೋಡಿದರು. ಕಪಾಟು ಬೆಳಗುತ್ತಿದೆ, ಖಾಲಿ. ಕಪ್ ಹೆಡ್ ಸರ್ ತೋಳಿನಲ್ಲಿದೆ, ಕೂಸಿನ ಹಾಗೆ.

“ಗೆದ್ದೇವ್ರಿ ಸಾಹುಕಾರ್ರ!” ಹೆಡ್ ಸರ್ ಕಪ್ಪನ್ನು ಎತ್ತಿ ತೋರಿಸಿದರು. “ಖರೇ ಗೆದ್ದೇವಿ. ಆದ್ರ ಹಿಡೀವಲ್ದು. ನಿಮ್ಮ ಬಡಗ್ಯಾ ಖಾನಿ ಗಿಡ್ಡ ಮಾಡ್ಯಾನ.”

“ಅವಂದೇನ್ ತಪ್ಪಿಲ್ಲ,” ಸಾಹುಕಾರರು ಕಪ್ಪನ್ನೇ ನೋಡುತ್ತ ಮೈಮರೆತು ಅಂದುಬಿಟ್ಟರು. “ಮಣೂಕದ ಡಬ್ಬಿ ಅಳತೀಲೆ ಮಾಡಂದಿದ್ದೆ ನಾನು.”

ನಾನು ಗಣಿತದವನು, ಲೆಕ್ಕ ಕೂಡಿತು: ನಾವು ಕಪ್ ಗೆಲ್ಲುತ್ತೇವೆ ಎಂದು ಸಾಹುಕಾರರಿಗೆ ಮೊದಲ ದಿನದಿಂದಲೂ ಒಂದು ಎಳ್ಳಿನಷ್ಟೂ ನಂಬಿಕೆ ಇರಲಿಲ್ಲ. ದಾನದ ಹೆಸರೂ ಬಂತು, ಸತ್ಕಾರವೂ ಆಯಿತು, ಕಪಾಟು ತಿರುಗಿ ಶೆಡ್ಡಿಗೂ ಬಂತು, ಇದು ಅವರ ಲೆಕ್ಕ.

ಸಾಹುಕಾರರಿಗೂ ತಾವು ಆಡಿದ್ದು ಆಮೇಲೆ ಕೇಳಿಸಿತು. ಕಿವಿ ಕೆಂಪಾದವು. ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಹೆಡ್ ಸರ್ ಅವರನ್ನು ನೋಡಿದರು, ಆಮೇಲೆ ಗಹಗಹಿಸಿ ನಕ್ಕರು. ನಕ್ಕದ್ದೇ ಕಪ್ಪನ್ನು ತಾವೇ ಎತ್ತಿ ಕಪಾಟಿನ ನೆತ್ತಿಯ ಮೇಲೆ ಇಟ್ಟು, ಬರುವಾಗ ಮಂಟಪದ ಬಾಗಿಲಲ್ಲಿ ತಮ್ಮ ಕೊರಳಿಗೆ ಬಿದ್ದ ಹಾರ ತೆಗೆದು ಮೂಲೆಯಲ್ಲಿ ನಿಂತಿದ್ದ ಹುಡುಗಿಗೆ ಹಾಕಿದರು.

“ಸೋತೆ ಯವ್ವಾ. ಈ ಕಪಾಟ ಇಲ್ಲೇ ಇರ್ಲಿ. ಇನ್ನ ನೀ ಕೇಳು, ನಿನ್ನ ಸಾಲಿಗೆ ಏನ್ ಬೇಕು? ಎತ್ತರನ ಹೊಸಾ ಕಪಾಟ ಮಾಡಸ್ಲಿ?”

ಹೆಡ್ ಸರ್ ಹಿಂದಿನಿಂದ ‘ಹೂಂ ಅನ್ನು, ಹೂಂ ಅನ್ನು’ ಎಂದು ಕೈಸನ್ನೆ ಮಾಡುತ್ತಿದ್ದರು. ಹುಡುಗಿ ಅವರ ಕಡೆ ನೋಡಲೇ ಇಲ್ಲ. ಕಿಟಕಿಯಿಂದ ಆಚೆ ಸಾಹುಕಾರರ ಟ್ರ್ಯಾಕ್ಟರ್ ನೋಡಿದಳು.

“ಕಪಾಟ ಬ್ಯಾಡ್ರಿ ಅಜ್ಜಾರ. ಮುಂದಿನ ವಾರ ಬೆಳಗಾಂವ್ಯಾಗ ಹಾರೂದೈತಿ. ಆ ಟ್ರ್ಯಾಕ್ಟರಿಗೆ ನಿಮ್ಮ ತ್ವಾಟದ ನೀರಿನ ಟ್ಯಾಂಕರ್ ಹಚ್ಚಿ ನಮ್ಮ ಹಿಂದ ಕಳಸ್ರಿ. ಅಲ್ಲಿ ಬಿಸಲ ಐತೋ ಏನೋ.”